ಕಾಲ್ಚೆಂಡು ನ್ಯಾಯಮೀಮಾಂಸೆ: ಸಂಪುಟ ಒಂದು

ಅನುಬಂಧ ಚತುಷ್ಟಯ

ಶಾಸ್ತ್ರಗ್ರಂಥ ಬರೆಯಲು ಕೂತವನು ಮೊದಲು ನಾಲ್ಕು ಸಂಗತಿ ತಿಳಿಸಿಬಿಡಬೇಕೆಂದು ಹಿಂದಿನವರು ಕಟ್ಟು ಮಾಡಿಟ್ಟಿದ್ದಾರೆ. ಓದಲು ಅಧಿಕಾರಿ ಯಾರು, ವಿಷಯ ಯಾವುದು, ಸಂಬಂಧವೇನು, ಪ್ರಯೋಜನವೇನು. ಅದರಂತೆ ಅಧಿಕಾರಿ: ಶನಿವಾರ ರಾತ್ರಿ ಸೋತು ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಯಾವ ಮನುಷ್ಯನಾದರೂ. ವಿಷಯ: ಅಮೆರಿಕದ ಕಾಲೇಜು ಫುಟ್‌ಬಾಲಿಗೂ ಅಲ್ಲಿನ ನ್ಯಾಯಾಲಯಗಳಿಗೂ ಇರುವ ಅಕ್ರಮ ಸಂಬಂಧ. ಸಂಬಂಧ: ಈಗಷ್ಟೇ ಹೇಳಿಯಾಯಿತು, ಅಕ್ರಮ. ಪ್ರಯೋಜನ: ವಕೀಲರಿಗೆ ಫೀಸು, ಉಳಿದವರಿಗೆ ಶೂನ್ಯ.

ಅಧ್ಯಾಯಗಳನ್ನು ಇಲ್ಲಿ ‘ಪ್ರಕರಣ’ ಎಂದು ಕರೆಯಲಾಗಿದೆ. ಶಾಸ್ತ್ರಕಾರರಿಗೂ ಕೋರ್ಟಿನ ಶಿರಸ್ತೇದಾರರಿಗೂ ಆ ಮಾತು ಒಂದೇ ಆಗಿರುವುದು ಕನ್ನಡದ ಭಾಗ್ಯ.

ಪದ ಪ್ರಕರಣ

‘ಕಾಲ್ಚೆಂಡು’ ಎಂದರೆ ಕಾಲಿನಿಂದ ಆಡುವ ಚೆಂಡು, ತತ್ಪುರುಷ ಸಮಾಸ ಎಂದು ಹೈಸ್ಕೂಲಿನ ಪಂಡಿತರು ಹೇಳಿಯಾರು. ಅಮೆರಿಕದ ಆಟ ನೋಡಿದರೆ ಈ ಮಾತು ನಿಲ್ಲುವುದಿಲ್ಲ. ಅಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಕೈಯಿಂದ ಎಸೆಯುತ್ತಾರೆ, ಎದೆಗೆ ಅವಚಿಕೊಂಡು ಬೀಳುತ್ತಾರೆ. ಒದೆಯುವುದೇನಿದ್ದರೂ ಬೇರೆ ದಾರಿ ಕಾಣದಾಗ. ಇನ್ನು ಚೆಂಡಾದರೂ ಚೆಂಡೇ ಎಂದರೆ ಅದೂ ಅಲ್ಲ. ಎರಡು ತುದಿ ಚೂಪಾದ ತೊಗಲಿನ ಕಾಯಿ. ಪೂರ್ವಪದವೂ ಸುಳ್ಳು, ಉತ್ತರಪದವೂ ಸುಳ್ಳು, ಎರಡೂ ಸೇರಿ ಮೂರನೆಯ ಯಾವುದನ್ನೋ ಸೂಚಿಸುತ್ತಿವೆ. ಆದ್ದರಿಂದ ಇದು ಮುಕ್ಕಣ್ಣನ ಹಾಗೆ ಬಹುವ್ರೀಹಿ. ಆ ಮೂರನೆಯದು ಯಾವುದು ಎಂಬುದರಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ‘ಊರು’ ಎಂದು ಪ್ರಸ್ತುತ ಲೇಖಕನ ಮತ. ಮಿಶಿಗನ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ 1,07,601 ಮಂದಿ ಕೂರಬಹುದು. ಓದಲು ಹೋದ ಹುಡುಗರ ಆಟ ನೋಡಲು ಅಷ್ಟು ಜನ ಬರುತ್ತಾರೆಂದರೆ ಅದು ಆಟವಲ್ಲ, ಜಾತ್ರೆ. ಜಾತ್ರೆ ಎಂದ ಮೇಲೆ ದೇವರು ಯಾರದು ಎಂಬ ಜಗಳ ಇದ್ದೇ ಇದೆ. ಜಗಳ ಎಂದ ಮೇಲೆ ಕೋರ್ಟು.

ಅರ್ಧಾಂಗ ಪ್ರಕರಣ

ಅಲಬಾಮ ರಾಜ್ಯದಲ್ಲಿ ಎರಡು ಮತಗಳಿವೆ. ಕಡುಗೆಂಪು ಬಣ್ಣದ್ದು ಟಸ್ಕಲೂಸಾದ ಅಲಬಾಮ ವಿಶ್ವವಿದ್ಯಾಲಯದ ಮತ. ಕಿತ್ತಳೆ ಮತ್ತು ಗಾಢ ನೀಲಿಯದು ಆಬರ್ನ್ ಮತ. ಇಬ್ಬರೂ ವರ್ಷಕ್ಕೊಮ್ಮೆ ಆಡುವ ಪಂದ್ಯಕ್ಕೆ ಐರನ್ ಬೌಲ್ ಎಂದು ಹೆಸರು. ಮೊದಲ ಸಲ ಆಡಿದ್ದು 1893ರಲ್ಲಿ. 1907ರ ಪಂದ್ಯದ ನಂತರ ದಿನಭತ್ಯೆ ಎಷ್ಟು, ಅಂಪೈರು ಯಾವ ಕಡೆಯವನು ಎಂಬಂಥ ವಿಚಾರಕ್ಕೆ ಮಾತು ಬೆಳೆದು ಆಟ ನಿಂತಿತು. ಮತ್ತೆ ಶುರುವಾದದ್ದು 1948ರಲ್ಲಿ. ಅಲಬಾಮ 55–0ರಿಂದ ಗೆದ್ದಿತು. ನಡುವೆ 41 ವರ್ಷ. ನಮ್ಮ ಸಿವಿಲ್ ಕೋರ್ಟುಗಳಲ್ಲಿ ತಾತ ಹಾಕಿದ ಪಾಲುಪಟ್ಟಿಯ ದಾವೆಯನ್ನು ಮೊಮ್ಮಗ ನಡೆಸುವುದುಂಟು. ಆದರೂ ದಿನಭತ್ಯೆಗೆ ನಾಲ್ಕು ದಶಕದ ವಾಯಿದೆ ಕೊಟ್ಟ ದಾಖಲೆ ನಮ್ಮ ಕಡೆ ಸಿಗುವುದು ಕಷ್ಟ.

ಈ ಜಗಳ ನ್ಯಾಯಾಲಯದೊಳಗೆ ನುಗ್ಗಿದ ದಾರಿ ಯಾವುದು? ಲೇಖಕನ ಹೆಗ್ಗಳಿಕೆಯ ಶೋಧ ಇಲ್ಲಿದೆ. ಆಬರ್ನಿನಲ್ಲಿ ಎಂಜಿನಿಯರಿಂಗ್ ಇದೆ, ಕೃಷಿ ಇದೆ, ಪಶುವೈದ್ಯ ಇದೆ. ಕಾನೂನು ಕಾಲೇಜು ಇಲ್ಲ. ರಾಜ್ಯದ ಸರ್ಕಾರಿ ಕಾನೂನು ಕಾಲೇಜು ಒಂದೇ, ಅದಿರುವುದು 1872ರಿಂದ ಶತ್ರುವಿನ ಮನೆಯಲ್ಲಿ. ಹುಟ್ಟಿದಾರಭ್ಯ ಆಬರ್ನಿಗೆ ಜೈಕಾರ ಹಾಕಿ ಅಲ್ಲೇ ಬಿ.ಎ. ಮುಗಿಸಿದ ಹುಡುಗನಿಗೆ ವಕೀಲನಾಗುವ ಆಸೆ ಹುಟ್ಟಿತೆನ್ನಿ. ಖಾಸಗಿ ಕಾಲೇಜಿಗೆ ಕಟ್ಟಲು ದುಡ್ಡಿಲ್ಲದಿದ್ದರೆ ಅವನು ಮೂರು ವರ್ಷ ಟಸ್ಕಲೂಸಾದ ಅನ್ನ ತಿನ್ನಬೇಕು. ಪದವಿ ಪಡೆದು ಬಂದವನ ಎದೆಯಲ್ಲಿ ಒಂದು ಬಣ್ಣ, ಗೋಡೆಯ ಮೇಲಿನ ಪ್ರಮಾಣಪತ್ರದಲ್ಲಿ ಇನ್ನೊಂದು. ತವರಿನವರು ಗಂಡನ ಮನೆಯವಳಾದಳು ಅನ್ನುತ್ತಾರೆ, ಗಂಡನ ಮನೆಯವರು ತವರಿನ ಬುದ್ಧಿ ಬಿಟ್ಟಿಲ್ಲ ಅನ್ನುತ್ತಾರೆ. ಶಾಸ್ತ್ರದಲ್ಲಿ ಇಂಥವನನ್ನು ‘ಅರ್ಧಾಂಗ ವಕೀಲ’ ಎಂದು ಕರೆಯತಕ್ಕದ್ದು. ಸೌತ್ ಕೆರೊಲಿನಾದಲ್ಲಿ ಕ್ಲೆಮ್ಸನ್‌ನವರಿಗೂ ಇದೇ ಗತಿ. ಸರ್ಕಾರಿ ಕಾಲೇಜಿನಲ್ಲಿ ಕಾನೂನು ಓದಬೇಕೆಂದರೆ ಎದುರಾಳಿಯ ಊರಾದ ಕೊಲಂಬಿಯಾಕ್ಕೆ ಹೋಗಬೇಕು.

ಮುಂದೆ ಈ ಅರ್ಧಾಂಗ ವಕೀಲ ನ್ಯಾಯಾಧೀಶನಾಗಬೇಕೆಂದರೆ ಅಲಬಾಮದಲ್ಲಿ ಚುನಾವಣೆಗೆ ನಿಲ್ಲಬೇಕು. ಎರಡೂ ಮತದವರ ಮತ ಬೇಕು. ಕರಿಯ ನಿಲುವಂಗಿ ಕಂಡುಹಿಡಿದವನು ಇದನ್ನೆಲ್ಲ ಮೊದಲೇ ಊಹಿಸಿದ್ದನೋ ಏನೋ. ಯಾವ ತಂಡದ ಬಣ್ಣವೂ ಅದರ ಮೇಲೆ ಕಾಣುವುದಿಲ್ಲ. ಕೆಳಗೆ ಕಟ್ಟಿದ ಟೈ ಯಾವುದೆಂದು ಬೆಂಚ್ ಕ್ಲರ್ಕಿಗೆ ಮಾತ್ರ ಗೊತ್ತು.

ವಾಯಿದೆ ಪ್ರಕರಣ

ನಮ್ಮಲ್ಲಿ ವಾಯಿದೆ ಕೇಳುವ ವಕೀಲರಿಗೆ ಕಾರಣಗಳ ಸಿದ್ಧ ಪಟ್ಟಿಯೇ ಇದೆ. ಹಿರಿಯರು ಬೇರೆ ಕೋರ್ಟಿನಲ್ಲಿದ್ದಾರೆ, ಕಕ್ಷಿದಾರರಿಗೆ ಜ್ವರ, ಫೈಲು ಮನೆಯಲ್ಲಿದೆ. ಅಮೆರಿಕದ ವಕೀಲ ಈ ವಿಷಯದಲ್ಲಿ ಸತ್ಯಹರಿಶ್ಚಂದ್ರ. ನಮ್ಮ ತಂಡ ಸೀಸನ್ ಕೊನೆಯ ಬೌಲ್ ಪಂದ್ಯಕ್ಕೆ ಆಯ್ಕೆಯಾಗಿದೆ, ಟಿಕೆಟ್ಟೂ ಸಿಕ್ಕಿದೆ, ಆದಕಾರಣ ವಿಚಾರಣೆ ಮುಂದಕ್ಕೆ ಹಾಕಬೇಕಾಗಿ ಪ್ರಾರ್ಥನೆ ಎಂದು ಲಿಖಿತ ಅರ್ಜಿ ಸಲ್ಲಿಸಿದವರಿದ್ದಾರೆ. ಎದುರು ವಕೀಲ ತಕರಾರು ಮಾಡಲಿಲ್ಲವೆಂದರೆ ಅವನೂ ಅದೇ ವಿಮಾನಕ್ಕೆ ಹೊರಟವನೆಂದು ತಿಳಿಯತಕ್ಕದ್ದು. ಈ ಅರ್ಜಿಯನ್ನು ಓದುಗರು ನೆನಪಿನಲ್ಲಿಡಬೇಕು. ಗ್ರಂಥಾಂತ್ಯದಲ್ಲಿ ಅದು ಮತ್ತೆ ಬರಲಿದೆ.

ಮೇಲ್ಮನವಿಯ ತತ್ತ್ವ ಕಲಿಯಬೇಕೆಂದವರು ಕಾನೂನು ಪುಸ್ತಕ ಬದಿಗಿಟ್ಟು 2013ರ ನವೆಂಬರ್ 30ರ ಐರನ್ ಬೌಲ್ ನೋಡುವುದು ಒಳ್ಳೆಯದು. 28–28ರಲ್ಲಿ ಸಮ, ಗಡಿಯಾರ ಮುಗಿದಿದೆ. ಇನ್ನೂ ಒಂದು ಸೆಕೆಂಡ್ ಬಾಕಿ ಇತ್ತು ಎಂದು ಅಲಬಾಮದ ಕೋಚ್ ನಿಕ್ ಸೇಬನ್ ವಾದ. ಮರುಪರಿಶೀಲನೆ ನಡೆಯಿತು, ವಾದ ಊರ್ಜಿತವಾಯಿತು, ಒಂದು ಸೆಕೆಂಡ್ ಮಂಜೂರಾಯಿತು. ಆ ಸೆಕೆಂಡಿನಲ್ಲಿ ಅಲಬಾಮ 57 ಗಜದಿಂದ ಒದ್ದ ಚೆಂಡು ಗುರಿ ಮುಟ್ಟದೆ ಬಿತ್ತು. ಆಬರ್ನಿನ ಕ್ರಿಸ್ ಡೇವಿಸ್ ತಮ್ಮ ಮೈದಾನದ ಕಟ್ಟಕಡೆಯಲ್ಲಿ ಅದನ್ನು ಹಿಡಿದು, ಮೈದಾನದ ಉದ್ದಕ್ಕೂ ಓಡಿ ಆಚೆ ತುದಿ ಮುಟ್ಟಿದ. 34–28. ಮೇಲ್ಮನವಿ ಗೆದ್ದು ದಾವೆ ಸೋಲುವುದು ಎಂದರೆ ಇದೇ. ಮೇಲಿನ ಕೋರ್ಟಿಗೆ ಹೋಗಿಬಿಡೋಣ ಎಂದು ಉರಿದೇಳುವ ಕಕ್ಷಿದಾರನಿಗೆ ವಕೀಲರು ಈ ಒಂದು ನಿಮಿಷದ ವಿಡಿಯೊ ತೋರಿಸಬಹುದು. ತೋರಿಸುವುದಿಲ್ಲ, ಫೀಸಿನ ಪ್ರಶ್ನೆ.

ಷೇರು ಪ್ರಕರಣ

ಪೂರ್ವಪಕ್ಷ ಹೀಗೆ ಹೇಳುತ್ತದೆ: ನ್ಯಾಯಾಧೀಶರಿಗೆ ಪಕ್ಷಪಾತವಿದ್ದರೆ ಅವರು ವಿಚಾರಣೆಯಿಂದ ಹಿಂದೆ ಸರಿಯಲು ಕಾನೂನು ಇದ್ದೇ ಇದೆಯಲ್ಲ, ನಿಮ್ಮ ಈ ಮೀಮಾಂಸೆ ಯಾಕೆ?

ಕಾನೂನು ಇದೆ. ಅಮೆರಿಕದ ಫೆಡರಲ್ ಸಂಹಿತೆಯ 28ನೇ ಶೀರ್ಷಿಕೆ, 455ನೇ ಕಲಂ. ಎರಡು ಮಾತು ಅದರಲ್ಲಿ ಮುಖ್ಯ. ನ್ಯಾಯಾಧೀಶರ ನಿಷ್ಪಕ್ಷಪಾತದ ಬಗ್ಗೆ ವಿವೇಕಿಯೊಬ್ಬ ಸಂಶಯಪಡುವ ಸಂದರ್ಭವಿದ್ದರೆ ಅವರು ಸರಿಯಬೇಕು. ಮೊಕದ್ದಮೆಯಲ್ಲಿ ಅವರಿಗೆ ಹಣಕಾಸಿನ ಹಿತವಿದ್ದರೂ ಸರಿಯಬೇಕು, ಆ ಹಿತ ಎಷ್ಟೇ ಸಣ್ಣದಾಗಿರಲಿ. ಎಂದರೆ, ಒಂದು ಪಾನೀಯ ಕಂಪನಿಯ ಒಂದೇ ಒಂದು ಷೇರು ಇದ್ದರೂ ಆ ಕಂಪನಿಯ ಕೇಸನ್ನು ಮುಟ್ಟುವಂತಿಲ್ಲ. ಇನ್ನು ಇದೇ ನ್ಯಾಯಾಧೀಶರು ನಲವತ್ತು ವರ್ಷದಿಂದ ಒಂದೇ ವಿಶ್ವವಿದ್ಯಾಲಯದ ಸೀಸನ್ ಟಿಕೆಟ್ ಇಟ್ಟುಕೊಂಡವರು ಎಂದು ಭಾವಿಸೋಣ. ಶನಿವಾರ ಮುಖಕ್ಕೆ ಬಣ್ಣ ಬಳಿದುಕೊಂಡವರು. ಮನೆಯ ನಾಯಿಗೆ ಕೋಚಿನ ಹೆಸರಿಟ್ಟವರು. ಆ ವಿಶ್ವವಿದ್ಯಾಲಯದ ಮೇಲೆ ಕೇಸು ಬಂದರೆ? ಒಂದು ಷೇರಿಗೆ ಕಲಂ ಇದೆ, ನಾಯಿಗೆ ಇಲ್ಲ.

1994ರಲ್ಲಿ ಲುಂಡೆ ವಿರುದ್ಧ ಹೆಲ್ಮ್ಸ್ ಎಂಬ ಪ್ರಕರಣದಲ್ಲಿ ಎಂಟನೇ ಸರ್ಕ್ಯೂಟಿನ ಮೇಲ್ಮನವಿ ನ್ಯಾಯಾಲಯದ ಮುಂದೆ ಇಂಥದೇ ಪ್ರಶ್ನೆ ಬಂತು. ಫುಟ್‌ಬಾಲ್ ಅದರಲ್ಲಿ ಇರಲಿಲ್ಲ. ಅಯೋವಾ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿ, ಅದಕ್ಕೆ ದೇಣಿಗೆ ಕೊಟ್ಟವರು, ಆ ವಿಶ್ವವಿದ್ಯಾಲಯದ ವ್ಯಾಜ್ಯ ಕೇಳಬಹುದೇ? ಅಷ್ಟರಿಂದಲೇ ಸರಿಯಬೇಕಿಲ್ಲ ಎಂದು ತೀರ್ಪಾಯಿತು. ತೀರ್ಪಿನಲ್ಲಿ ವ್ಯವಹಾರಜ್ಞಾನವಿದೆ, ಒಪ್ಪಬೇಕು. ಓದಿದ ಕಾಲೇಜಿನ ಮೇಲೆ ಅಭಿಮಾನವಿರುವವರೆಲ್ಲ ಎದ್ದು ಹೋದರೆ ಆ ರಾಜ್ಯಗಳಲ್ಲಿ ಪೀಠದ ಮೇಲೆ ಉಳಿಯುವುದು ಸುತ್ತಿಗೆ ಮಾತ್ರ. ಆದರೂ ಶಾಸ್ತ್ರಕಾರನ ಕಣ್ಣಿಗೆ ಬೀಳುವುದು ಇಷ್ಟು: ಕಾನೂನಿಗೆ ಜೇಬು ತಡಕುವುದು ಗೊತ್ತು, ಜೇಬಿನ ಹಿಂದೆ ಎರಡು ಬೆರಳು ಒಳಗೆ ಬಡಿದುಕೊಳ್ಳುವುದನ್ನು ತಡಕುವುದು ಗೊತ್ತಿಲ್ಲ.

ವೈಟ್ ಪ್ರಕರಣ

ಆಟಗಾರನೇ ನ್ಯಾಯಮೂರ್ತಿಯಾದರೆ ಏನಾದೀತು? ಸಂಶೋಧಕರ ಸೌಭಾಗ್ಯಕ್ಕೆ ಇಂಥದೊಂದು ಪ್ರಯೋಗ ಸುಪ್ರೀಂ ಕೋರ್ಟಿನಲ್ಲೇ ನಡೆದುಹೋಗಿದೆ.

ಬೈರನ್ ವೈಟ್ ಕೊಲರಾಡೊ ವಿಶ್ವವಿದ್ಯಾಲಯದ ಪ್ರಚಂಡ ಆಟಗಾರ. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯ 1937ರ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನ. ಮರುವರ್ಷ ವೃತ್ತಿಪರ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ಗಜ ಓಡಿದವರು. ‘ವಿಜ್ಜರ್’ ಎಂದು ಪತ್ರಿಕೆಯವರು ಇಟ್ಟ ಅಡ್ಡಹೆಸರನ್ನು ಸಾಯುವವರೆಗೂ ಅವರು ಇಷ್ಟಪಡಲಿಲ್ಲ. 1962ರಿಂದ 1993ರವರೆಗೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ. ಆ ಕಟ್ಟಡದ ಮೇಲಂತಸ್ತಿನಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಅಂಗಳವಿದೆ. ಸುಪ್ರೀಂ ಕೋರ್ಟಿಗಿಂತಲೂ ಮೇಲಿನ ಕೋರ್ಟು ಎಂದು ಅದನ್ನು ತಮಾಷೆ ಮಾಡುತ್ತಾರೆ. ಕ್ಲರ್ಕುಗಳ ಜೊತೆ ಅಲ್ಲಿ ಆಡುವಾಗ ಇವರ ಮೊಣಕೈಯಿಂದ ತಪ್ಪಿಸಿಕೊಳ್ಳಬೇಕಿತ್ತಂತೆ.

1984ರಲ್ಲಿ ಇವರ ಮುಂದೆ ಫುಟ್‌ಬಾಲೇ ಬಂದು ನಿಂತಿತು. ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ, ಯಾವ ತಂಡವೂ ಎರಡು ವರ್ಷದಲ್ಲಿ ಆರಕ್ಕಿಂತ ಹೆಚ್ಚು ಸಲ ಟಿವಿಯಲ್ಲಿ ಕಾಣಿಸಿಕೊಳ್ಳಬಾರದೆಂದು ಕಟ್ಟಳೆ ಮಾಡಿತ್ತು. ಟಿವಿ ನೋಡುತ್ತಾ ಮನೆಯಲ್ಲೇ ಕೂತರೆ ಟಿಕೆಟ್ ಕೊಳ್ಳುವವರಾರು ಎಂಬುದು ಹಳೆಯ ಭಯ. ಓಕ್ಲಹಾಮಾ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯದವರು ಕೇಸು ಹಾಕಿದರು. ಕಟ್ಟಳೆ ವ್ಯಾಪಾರ ಸ್ಪರ್ಧೆಯ ಕಾನೂನಿಗೆ ವಿರುದ್ಧ ಎಂದು ಏಳು ಮಂದಿ ಹೇಳಿದರು. ಭಿನ್ನಮತದ ತೀರ್ಪು ಬರೆದವರು ವೈಟ್. ಕಾಲೇಜಿನ ಆಟವನ್ನು ಬರೀ ವ್ಯಾಪಾರದಂತೆ ಕಾಣುವುದು ತಪ್ಪು, ಅದು ವಿದ್ಯೆಯ ಭಾಗ ಎಂಬುದು ಅವರ ನಿಲುವು. ಅವರ ಜೊತೆಗಿದ್ದವರು ರೆನ್‌ಕ್ವಿಸ್ಟ್ ಒಬ್ಬರೇ.

ಬಹುಮತದ ತೀರ್ಪು ಬರೆದವರು ಯಾರು? ಜಾನ್ ಪಾಲ್ ಸ್ಟೀವನ್ಸ್, ಶಿಕಾಗೊ ವಿಶ್ವವಿದ್ಯಾಲಯದ 1941ರ ಪದವೀಧರ. ಈ ಶಿಕಾಗೊ ಸಾಮಾನ್ಯದ್ದಲ್ಲ. 1935ರಲ್ಲಿ ಮೊಟ್ಟಮೊದಲ ಹೈಸ್ಮನ್ ಟ್ರೋಫಿ ಗೆದ್ದ ಜೇ ಬರ್ವ್ಯಾಂಗರ್ ಅಲ್ಲಿಯ ಹುಡುಗ. ನಾಲ್ಕೇ ವರ್ಷಕ್ಕೆ, 1939ರಲ್ಲಿ, ಮಿಶಿಗನ್ ಕೈಯಲ್ಲಿ 85–0ರಿಂದ ಒದೆ ತಿಂದು, ಆ ವರ್ಷಾಂತ್ಯಕ್ಕೆ ವಿಶ್ವವಿದ್ಯಾಲಯ ಫುಟ್‌ಬಾಲನ್ನೇ ಮುಚ್ಚಿಬಿಟ್ಟಿತು. ಸ್ಟೀವನ್ಸ್ ಆಗ ಅಲ್ಲಿ ವಿದ್ಯಾರ್ಥಿ.

ಇನ್ನು ಓದುಗರು ಕೈಯಲ್ಲಿರುವ ಕಾಫಿ ಲೋಟ ಕೆಳಗಿಡಬೇಕು. ಫುಟ್‌ಬಾಲಿಗೆ ಟಿವಿಯ ಬಾಗಿಲು ತೆರೆದವರು ಫುಟ್‌ಬಾಲನ್ನು ಮನೆಯಿಂದ ಹೊರಹಾಕಿದ ಕಾಲೇಜಿನವರು. ಬಾಗಿಲು ಮುಚ್ಚಿಯೇ ಇರಲಿ ಎಂದವರು ಆ ಕಾಲದ ಅತಿ ಪ್ರಸಿದ್ಧ ಆಟಗಾರ. ಇದರಿಂದ ಲೇಖಕನು ಸ್ಥಾಪಿಸುವ ಮೊದಲ ಸಿದ್ಧಾಂತ: ಮಗಳ ಮದುವೆ ನಿಲ್ಲಿಸುವವನು ಅಪ್ಪ, ಮಾಡಿಸುವವನು ಬ್ರಹ್ಮಚಾರಿ. ಈ ಸಿದ್ಧಾಂತಕ್ಕೆ ಒಂದೇ ತೊಡಕು, ನೀಲ್ ಗೊರ್ಸಚ್. ಅವರೂ ಕೊಲರಾಡೊದವರು, ಕಾನೂನು ಓದಿ ಬಂದ ಹೊಸತರಲ್ಲಿ ವೈಟ್ ಅವರ ಕ್ಲರ್ಕ್ ಆಗಿದ್ದವರು. 2021ರಲ್ಲಿ ಆಲ್ಸ್ಟನ್ ಪ್ರಕರಣದಲ್ಲಿ ಎನ್‌ಸಿಎಎ ಮತ್ತೆ ಸೋತಿತು, ಈ ಸಲ 9–0. ಆಟಗಾರರಿಗೆ ವಿದ್ಯಾಭ್ಯಾಸಕ್ಕೆಂದು ಕೊಡುವ ಸವಲತ್ತುಗಳಿಗೂ ಮಿತಿ ಹಾಕಿದ್ದು ತಪ್ಪೆಂದು ತೀರ್ಪು ಬರೆದವರು ಗೊರ್ಸಚ್. ಗುರುವಿಗೆ ತಿರುಮಂತ್ರ ಎಂಬ ಗಾದೆಗೆ ಸುಪ್ರೀಂ ಕೋರ್ಟಿನ ಪೂರ್ಣಪೀಠದ ಮುದ್ರೆ ಬಿದ್ದಂತಾಯಿತು.

ವೃಕ್ಷ ಪ್ರಕರಣ

ಆಬರ್ನಿನ ಟೂಮರ್ಸ್ ಕಾರ್ನರ್ ಎಂಬ ಮೂಲೆಯಲ್ಲಿ ಎರಡು ಹಳೆಯ ಓಕ್ ಮರಗಳಿದ್ದವು. ಗೆದ್ದ ದಿನ ಊರವರು ಅವುಗಳ ಮೇಲೆ ಟಾಯ್ಲೆಟ್ ಪೇಪರಿನ ಸುರುಳಿ ಎಸೆದು ಮರವನ್ನೆಲ್ಲ ಬೆಳ್ಳಗೆ ಮಾಡುವುದು ವಾಡಿಕೆ. (ನಾವು ಅಶ್ವತ್ಥಕ್ಕೆ ದಾರ ಸುತ್ತುತ್ತೇವೆ. ಆದ್ದರಿಂದ ಈ ಬಗ್ಗೆ ನಗುವ ಹಕ್ಕು ನಮಗೆ ಅರ್ಧ ಮಾತ್ರ.) 2010ರ ಐರನ್ ಬೌಲಿನಲ್ಲಿ ಆಬರ್ನ್ 24–0ರಿಂದ ಹಿಂದಿದ್ದು 28–27ಕ್ಕೆ ಗೆದ್ದಿತು. ಎರಡು ತಿಂಗಳ ನಂತರ ರೇಡಿಯೊ ಕಾರ್ಯಕ್ರಮವೊಂದಕ್ಕೆ ‘ಡೇಡ್‌ವಿಲ್‌ನ ಆಲ್’ ಎಂಬಾತ ಫೋನು ಮಾಡಿ, ಆ ಮರಗಳಿಗೆ ವಿಷ ಹಾಕಿದ್ದೇನೆ ಎಂದ. ಮಣ್ಣು ಪರೀಕ್ಷೆ ಮಾಡಿದರೆ ನಿಜ. ಆತ ಹಾರ್ವೆ ಅಪ್‌ಡೈಕ್, ಅಲಬಾಮ ತಂಡದ ಭಕ್ತ. ನಿವೃತ್ತಿಗೆ ಮುಂಚೆ ಟೆಕ್ಸಸ್ಸಿನಲ್ಲಿ ಪೊಲೀಸ್.

ಇಲ್ಲಿ ಜ್ಯೂರಿಯ ಮಾತು ಬರುತ್ತದೆ. ನಮ್ಮಲ್ಲಿ ನಾನಾವತಿ ಮೊಕದ್ದಮೆಯ ನಂತರ ಜ್ಯೂರಿ ಮೆಲ್ಲಗೆ ಮರೆಯಾಯಿತು. ಅಮೆರಿಕದಲ್ಲಿ ಊರಿನ ಹನ್ನೆರಡು ಜನ ಕೂತು ತಪ್ಪಿತಸ್ಥನೋ ಅಲ್ಲವೋ ಹೇಳಬೇಕು. ಆಬರ್ನ್ ಇರುವ ಕೌಂಟಿಯಲ್ಲಿ, ಆಬರ್ನಿನ ದೇವರಮರ ಕೊಂದವನ ಬಗ್ಗೆ ತಟಸ್ಥರಾದ ಹನ್ನೆರಡು ಜನ! ಮಾರಿಹಬ್ಬದ ದಿನ ಊರಲ್ಲಿ ಉಪವಾಸದವರನ್ನು ಹುಡುಕಿದ ಹಾಗೆ. 2012ರ ಜೂನ್‌ನಲ್ಲಿ ಆಯ್ಕೆ ಶುರುವಾಯಿತು. ಅಷ್ಟರಲ್ಲಿ ಆತ ತಮ್ಮ ವರದಿಗಾರನ ಮುಂದೆ ತಪ್ಪೊಪ್ಪಿಕೊಂಡಿದ್ದಾನೆ ಎಂದು ಆಬರ್ನಿನ ವಿದ್ಯಾರ್ಥಿ ಪತ್ರಿಕೆ ಪ್ರಕಟಿಸಿಬಿಟ್ಟಿತು, ಆಯ್ಕೆ ನಿಂತಿತು. ಕೊನೆಗೆ 2013ರ ಮಾರ್ಚ್‌ನಲ್ಲಿ ಆತನೇ ತಪ್ಪೊಪ್ಪಿಕೊಂಡ. ಜೈಲು ಆರು ತಿಂಗಳು, ನಂತರ ಐದು ವರ್ಷ ನಿಗಾ, ಪರಿಹಾರ ಸುಮಾರು 8,00,000 ಡಾಲರ್. ನಿಗಾದ ಷರತ್ತುಗಳಲ್ಲಿ ಒಂದು ಶಾಸ್ತ್ರಕ್ಕೆ ಅಮೂಲ್ಯವಾದದ್ದು: ಕಾಲೇಜಿನ ಯಾವ ಕ್ರೀಡಾಕೂಟಕ್ಕೂ ಕಾಲಿಡಕೂಡದು. ಬಹಿಷ್ಕಾರವನ್ನು ಆಧುನಿಕ ಕೋರ್ಟೊಂದು ಇಷ್ಟು ಶುದ್ಧ ರೂಪದಲ್ಲಿ ವಿಧಿಸಿದ್ದು ಅಪರೂಪ.

ಕಿರು ಪ್ರಕರಣ

ಸ್ಥಿತಪ್ರಜ್ಞರೂ ಇದ್ದಾರೆ. 2023ರಲ್ಲಿ 13–0 ಸಾಧಿಸಿದ ಫ್ಲಾರಿಡಾ ಸ್ಟೇಟ್ ತಂಡವನ್ನು ರಾಷ್ಟ್ರೀಯ ಪ್ಲೇಆಫ್‌ನಿಂದ ಹೊರಗಿಟ್ಟಾಗ ತನಿಖೆಗೆ ಇಳಿದ ರಾಜ್ಯದ ಅಂದಿನ ಅಟಾರ್ನಿ ಜನರಲ್ ಆಶ್ಲಿ ಮೂಡಿ, ಎದುರಾಳಿಯಾದ ಫ್ಲಾರಿಡಾ ವಿಶ್ವವಿದ್ಯಾಲಯದಲ್ಲಿ ಓದಿದವರು. ಅದನ್ನು ಅವರು ಮುಚ್ಚಿಡಲೂ ಇಲ್ಲ. ಎಲ್ಲೂ ಸೋಲದ ಯೂಟಾ ವಿಶ್ವವಿದ್ಯಾಲಯಕ್ಕೆ ಅನ್ಯಾಯವಾಯಿತೆಂದು 2009ರಲ್ಲಿ ಸೆನೆಟ್ಟಿನಲ್ಲಿ ವಿಚಾರಣೆ ನಡೆಯುವಂತೆ ಮಾಡಿದ ಸೆನೆಟರ್ ಆರಿನ್ ಹ್ಯಾಚ್ ಓದಿದ್ದು ಯೂಟಾದ ಬದ್ಧವೈರಿ ಬ್ರಿಗಮ್ ಯಂಗ್‌ನಲ್ಲಿ. ಪೂರ್ವಪಕ್ಷದವರು ಇವರಿಬ್ಬರನ್ನೇ ಹಿಡಿದು ಜಗ್ಗುತ್ತಾರೆ. ಇಬ್ಬರೂ ಚುನಾವಣೆ ಗೆಲ್ಲಬೇಕಾದವರು ಎಂಬುದಷ್ಟೇ ಲೇಖಕನ ಉತ್ತರ.

ಮಿಶಿಗನ್‌ನವರದು ಇನ್ನೊಂದು ದಾರಿ. 2023ರ ನವೆಂಬರ್‌ನಲ್ಲಿ ಅವರ ಕೋಚ್ ಜಿಮ್ ಹಾರ್ಬಾ ಅವರನ್ನು ಲೀಗು ಮೂರು ಪಂದ್ಯಕ್ಕೆ ಅಮಾನತು ಮಾಡಿದಾಗ ದಾವೆ ಹೂಡಿದ್ದು ತಮ್ಮದೇ ಊರಿನ ಕೌಂಟಿ ಕೋರ್ಟಿನಲ್ಲಿ. ವಿಚಾರಣೆಗೆ ಒಂದು ದಿನ ಮುಂಚೆ ಹಿಂದಕ್ಕೆ ತೆಗೆದುಕೊಂಡರು. ಎದುರಾಳಿಯ ಊರು ಕೊಲಂಬಸ್‌ನಲ್ಲಿ ಓದಿದ ನಮ್ಮ ಅಕ್ಕನ ಮಗನೊಬ್ಬ ಹೇಳುವಂತೆ, ಮಿಶಿಗನ್ ಪಂದ್ಯದ ವಾರ ಅಲ್ಲಿನ ಕ್ಯಾಂಪಸ್ಸಿನ ಫಲಕಗಳಲ್ಲಿರುವ ಎಂ ಅಕ್ಷರದ ಮೇಲೆಲ್ಲ ಕೆಂಪು ಪಟ್ಟಿ ಅಂಟಿಸುತ್ತಾರೆ. ಇವನ ಹೆಸರು ಶುರುವಾಗುವುದೇ ಆ ಅಕ್ಷರದಿಂದ. ಆ ವಾರ ಹೆಸರಿಲ್ಲದೆ ಓಡಾಡಿದೆ ಮಾಮಾ ಅಂದ.

ಬಾಲ ಪ್ರಕರಣ

ಇಷ್ಟು ಹೊತ್ತು ಲೇಖಕ ಕಟ್ಟಿದ ಸಿದ್ಧಾಂತಗಳೆಲ್ಲ ಹುಸಿ. ಈ ಕೊನೆಯ ಪ್ರಕರಣದ್ದು ಮಾತ್ರ ಅವನದಲ್ಲ.

ಲೂಯಿಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ತಂಡದ ಹೆಸರು ಟೈಗರ್ಸ್. ಕಾಡಿನಲ್ಲಿ ಒಂದು ಹುಲಿಯೂ ಇಲ್ಲದ ದೇಶದಲ್ಲಿ ಅವರು ಕ್ಯಾಂಪಸ್ಸಿನ ಒಳಗೇ ಜೀವಂತ ಹುಲಿ ಸಾಕಿಕೊಂಡಿದ್ದಾರೆ. ಅದೇ ವಿಶ್ವವಿದ್ಯಾಲಯದಲ್ಲಿದ್ದ ಇಬ್ಬರು ಅರ್ಥಶಾಸ್ತ್ರಜ್ಞರು, ಓಜ್ಕನ್ ಎರೆನ್ ಮತ್ತು ನಾಜಿ ಮೊಜಾನ್, ರಾಜ್ಯದ ಬಾಲಾಪರಾಧಿ ನ್ಯಾಯಾಲಯಗಳ 1996ರಿಂದ 2012ರವರೆಗಿನ ತೀರ್ಪುಗಳನ್ನು ತಂಡದ ಸೋಲುಗೆಲುವಿನ ಪಕ್ಕದಲ್ಲಿಟ್ಟು ನೋಡಿದರು. ಅಧ್ಯಯನ 2018ರಲ್ಲಿ ಅಚ್ಚಾಯಿತು. ಬಾಜಿ ಕಟ್ಟುವವರ ಲೆಕ್ಕದಲ್ಲಿ ತಂಡ ಗೆಲ್ಲಬೇಕಾಗಿದ್ದು, ಎಣಿಸದೆ ಸೋತರೆ, ಮುಂದಿನ ವಾರ ನ್ಯಾಯಾಧೀಶರು ಮಕ್ಕಳಿಗೆ ಕೊಡುವ ಶಿಕ್ಷೆಯ ಅವಧಿ ಹೆಚ್ಚಾಗಿತ್ತು. ಸಮಬಲದ ಹೋರಾಟವಾಗುತ್ತದೆಂದು ಮೊದಲೇ ಎಣಿಸಿದ್ದ ಪಂದ್ಯ ಸೋತರೆ ಹಾಗಾಗುತ್ತಿರಲಿಲ್ಲ. ಎಣಿಸದೆ ಗೆದ್ದರೆ ಶಿಕ್ಷೆ ಕಡಿಮೆಯೂ ಆಗುತ್ತಿರಲಿಲ್ಲ. ಅದೇ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದ ನ್ಯಾಯಾಧೀಶರಲ್ಲಿ ಈ ಪರಿಣಾಮ ಎದ್ದು ಕಾಣುತ್ತಿತ್ತು. ಹೊರೆ ಬಿದ್ದದ್ದು ಕರಿಯ ಮಕ್ಕಳ ಮೇಲೆ.

ಬಾಲಾಪರಾಧಿಗಳಿಗೆ ಜ್ಯೂರಿ ಸಂವಿಧಾನದ ಹಕ್ಕಲ್ಲ ಎಂದು 1971ರಲ್ಲೇ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಎಂದರೆ ಆ ಸೋಮವಾರ ಕೋಣೆಯಲ್ಲಿ ಒಬ್ಬ ನ್ಯಾಯಾಧೀಶ, ಒಬ್ಬ ಹುಡುಗ. 455ನೇ ಕಲಮಿನ ವಿವೇಕಿ ಹೊರಗೆ ಕಾರಿಡಾರಿನಲ್ಲಿದ್ದಾನೆ. ಅವನೂ ಶನಿವಾರದ ಪಂದ್ಯದ ಬಗ್ಗೆಯೇ ಮಾತಾಡುತ್ತಿರಬಹುದು.

ಹುಡುಗನ ವಕೀಲ ಈ ಅಧ್ಯಯನ ಓದಿದವನೆಂದೇ ಇಟ್ಟುಕೊಳ್ಳೋಣ. ಶನಿವಾರ ರಾತ್ರಿ ಟಿವಿಯ ಮುಂದೆ ಕೂತಿದ್ದಾನೆ. ಗೆಲ್ಲಬೇಕಾದ ಪಂದ್ಯ ಕೈತಪ್ಪಿದೆ, ಅವನ ಹೊಟ್ಟೆಯೂ ಉರಿಯುತ್ತಿದೆ, ಅವನೂ ಆ ಊರಿನವನೇ. ಸೋಮವಾರದ ಪಟ್ಟಿಯಲ್ಲಿ ಹುಡುಗನ ಕೇಸು ಮೂರನೆಯದು. ವಾಯಿದೆ ಅರ್ಜಿ ತೆಗೆದು ಮುಂದಿಟ್ಟುಕೊಳ್ಳುತ್ತಾನೆ. ತಂಡ ಗೆದ್ದು ಬೌಲ್ ಪಂದ್ಯಕ್ಕೆ ಹೋಗುವಂತಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಬಹುದಿತ್ತು, ನ್ಯಾಯಾಧೀಶರೂ ನಕ್ಕು ಸಹಿ ಹಾಕುತ್ತಿದ್ದರು. ಈಗ ‘ಕಾರಣ’ ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಸ್ವಲ್ಪ ಹೊತ್ತು ಯೋಚಿಸಿ ಬರೆಯುತ್ತಾನೆ: ಅಂದು ಬೇರೊಂದು ಕೋರ್ಟಿನಲ್ಲಿ ಹಾಜರಿರಬೇಕಾಗಿದೆ.